ಊರಿನ ಟಿಪ್ಪಣಿಗಳಿಗೆ ಕೊಂಡಿ ಹಾಕುವ ಕ್ರಮ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರದ ಸೀಮೆ ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿಗೆ ಸಿಕ್ಕುತ್ತದೆ. 1964ರಲ್ಲಿ ಆ ಕಟ್ಟೆ ಮುಗಿದಾಗ ಊರುಗಳ ಜೊತೆಗೆ ಅದಕ್ಕಿಂತ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಹೋಯಿತು. ಕರೂರು ಹೋಬಳಿಯ ತುಮರಿ ಕಡೆಯವರು ಹಿನ್ನೀರಿನಾಚೆ ಉಳಿದು ದಶಕಗಳ ಕಾಲ ಲಾಂಚನ್ನೇ ನಂಬಿ ಓಡಾಡಿದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಇದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದಿಡುವವರು ಸಾಮಾನ್ಯವಾಗಿ ತಾಲ್ಲೂಕಿಗೊಂದು ಫೋಲ್ಡರ್ ಮಾಡುತ್ತಾರೆ. ಹಾಗಾದರೆ ಶರಾವತಿಯ ಟಿಪ್ಪಣಿಯನ್ನು ಯಾವ ಫೋಲ್ಡರಿನಲ್ಲಿ ಇಡುವುದು?

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ವಿಷಯದಲ್ಲೂ ಇದೇ ತೊಡಕು. ಹುಟ್ಟೂರು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆ. ಅವರು ಪಾಲ್ಗೊಂಡ, ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ಮರುವರ್ಷ ಅವರು ವಿಧಾನಸಭೆಗೆ ಆರಿಸಿ ಬಂದದ್ದು ಸಾಗರ–ಹೊಸನಗರ ಕ್ಷೇತ್ರದಿಂದ. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಹಿಂದೆ ಇರುವುದೂ ಗೋಪಾಲಗೌಡರ ಬದುಕೇ. ಒಬ್ಬ ವ್ಯಕ್ತಿಯ ಎಳೆ ಹಿಡಿದರೆ ಮೂರು ತಾಲ್ಲೂಕು, ಒಂದು ರೈತ ಹೋರಾಟ, ಒಂದು ಚುನಾವಣೆ, ಒಂದು ಕಾದಂಬರಿ ಒಟ್ಟಿಗೆ ಬರುತ್ತವೆ. ಫೋಲ್ಡರು ಇವನ್ನು ಬೇರೆ ಬೇರೆ ಮಾಡಿ ಇಡುತ್ತದೆ. ಟಿಪ್ಪಣಿಗಳ ನಡುವೆ ಕೊಂಡಿ ಹಾಕಿದರೆ ಮಾತ್ರ ಅವು ಒಂದನ್ನೊಂದು ಮುಟ್ಟುತ್ತವೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಕಾಗದದ ಚೀಟಿಗಳಿಗೆ ಸಂಖ್ಯೆ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಕೈಯಾರೆ ಸೂಚನೆ ಬರೆದು ಈ ಕೆಲಸ ಮಾಡಿದ್ದರು. ಈಗ ಅದನ್ನು ತಂತ್ರಾಂಶ ಮಾಡುತ್ತದೆ. ಊರಿನ ಚರಿತ್ರೆ ಬರೆಯುವ ಮೇಷ್ಟ್ರು, ಮುಳುಗಡೆ ಕುಟುಂಬದ ಹಳೆಯ ದಾಖಲೆ ಹುಡುಕುತ್ತಿರುವ ಮೊಮ್ಮಕ್ಕಳು, ಶಾಸನ ಓದುವ ಹವ್ಯಾಸಿಗಳು, ತೋಟದ ರೋಗ–ಔಷಧಿಯ ವಿವರ ಬರೆದಿಡುವ ಅಡಿಕೆ ಬೆಳೆಗಾರರು ಇದನ್ನು ಕಲಿಯಬೇಕು ಎಂಬುದು ನನ್ನ ಆಸೆ. ಮಲೆನಾಡಿನ ಎಷ್ಟೋ ಮಾಹಿತಿ ಹಿರಿಯರ ಬಾಯಲ್ಲಿದೆ. ಅದು ಬರಹಕ್ಕೆ ಇಳಿದ ಮೇಲೂ ಚದುರಿ ಹೋದರೆ ಮತ್ತೆ ಸಿಗುವುದಿಲ್ಲ.

ಮೊದಲು ತಂತ್ರಾಂಶ, ಅದಕ್ಕೂ ಮೊದಲು ಯೂನಿಕೋಡ್

ನಾನು ಸೂಚಿಸುವುದು ಅಬ್ಸಿಡಿಯನ್. ಶಿಡಾ ಲಿ ಮತ್ತು ಎರಿಕಾ ಶು 2020ರಲ್ಲಿ ಹೊರತಂದ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಬರೆದ ಪ್ರತಿ ಟಿಪ್ಪಣಿಯೂ ನಿಮ್ಮದೇ ಯಂತ್ರದ ಒಂದು ಫೋಲ್ಡರಿನಲ್ಲಿ ಸರಳ ಪಠ್ಯದ ಕಡತವಾಗಿ ಕೂರುತ್ತದೆ. ಜಡಿಮಳೆಗೆ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆಗುಂಬೆ, ಹುಲಿಕಲ್ಲಿನ ಸುತ್ತ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಲಾಗ್‌ಸೀಕ್, ಜಾಪ್ಲಿನ್ ಎಂಬವೂ ಒಳ್ಳೆಯ ತಂತ್ರಾಂಶಗಳೇ. ಆದರೆ ಜಾಪ್ಲಿನ್‌ನಲ್ಲಿ ಒಂದು ಟಿಪ್ಪಣಿಗೆ ಎಲ್ಲೆಲ್ಲಿಂದ ಕೊಂಡಿ ಬಂದಿದೆ ಎಂದು ನೋಡುವುದಕ್ಕೂ ಪ್ಲಗಿನ್, ಅಂದರೆ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಸಲಕರಣೆ, ಬೇಕು. ಅಬ್ಸಿಡಿಯನ್‌ನಲ್ಲಿ ಆ ಸೌಲಭ್ಯ ಮೊದಲೇ ಇದೆ.

ಹಳೆಯ ಟಿಪ್ಪಣಿಗಳು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿದ್ದರೆ ಮೊದಲು ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ. ಆ ಫಾಂಟಿನಲ್ಲಿ ಕಣ್ಣಿಗೆ ‘ಇಕ್ಕೇರಿ’ ಎಂದು ಕಾಣುವುದು ಕಂಪ್ಯೂಟರಿಗೆ ಬರೀ ರೋಮನ್ ಅಕ್ಷರಗಳ ಗೊಂಚಲು. ಹುಡುಕಿದರೆ ಸಿಗದು, ಕೊಂಡಿಯೂ ಕೂರದು. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ. ಪರಿವರ್ತಕಗಳು ತಪ್ಪುವುದು ಹೆಚ್ಚಾಗಿ ಅಲ್ಲೇ.

ಅಬ್ಸಿಡಿಯನ್ ತೆರೆದು ‘ಕ್ರಿಯೇಟ್ ನ್ಯೂ ವಾಲ್ಟ್’ ಒತ್ತಿ ಒಂದು ಫೋಲ್ಡರ್ ಮಾಡಿಕೊಳ್ಳಿ. ಟಿಪ್ಪಣಿಗಳ ಈ ಫೋಲ್ಡರೇ ವಾಲ್ಟ್. ನಂತರ ಸೆಟ್ಟಿಂಗ್ಸ್‌ನ ‘ಫೈಲ್ಸ್ ಅಂಡ್ ಲಿಂಕ್ಸ್’ ಭಾಗಕ್ಕೆ ಹೋಗಿ ‘ಆಟೊಮ್ಯಾಟಿಕಲಿ ಅಪ್‌ಡೇಟ್ ಇಂಟರ್ನಲ್ ಲಿಂಕ್ಸ್’ ಎಂಬುದನ್ನು ಚಾಲೂ ಮಾಡಿ. ಮುಂದೆ ಒಂದು ಟಿಪ್ಪಣಿಯ ಹೆಸರು ಬದಲಿಸಿದಾಗ ಅದನ್ನು ಕರೆದಿರುವ ಎಲ್ಲ ಕೊಂಡಿಗಳೂ ತಾವಾಗಿ ತಿದ್ದಿಕೊಳ್ಳುತ್ತವೆ. ಹೆಸರನ್ನು ಮಾತ್ರ ಅಬ್ಸಿಡಿಯನ್ ಒಳಗಿನಿಂದಲೇ ಬದಲಿಸಬೇಕು. ಹೊರಗಿನ ಫೈಲ್ ಮ್ಯಾನೇಜರಿನಲ್ಲಿ ಬದಲಿಸಿದರೆ ಕೊಂಡಿಗಳು ಹಳೆಯ ಹೆಸರನ್ನೇ ಹುಡುಕುತ್ತಾ ಉಳಿಯುತ್ತವೆ.

ಹೆಸರಿನ ಕೆಲಸ

ಯಾವ ಪ್ಲಗಿನ್ ಹಾಕಿದರೂ ಹೆಸರುಗಳು ಕೆಟ್ಟಿದ್ದರೆ ಕೊಂಡಿ ನಿಲ್ಲುವುದಿಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಂತೂ ಊರುಗಳಿಗೆ ಹೆಸರು ಹಲವು.

ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಕರೆದ. ಇಂದು ಅದು ಬರೀ ನಗರ. ತಾಲ್ಲೂಕಿನ ಕೇಂದ್ರ ಅಲ್ಲಿಂದ ಕಲ್ಲೂರುಕಟ್ಟೆಗೆ ಹೋಯಿತು, ಆ ಊರು ಹೊಸನಗರವಾಯಿತು. ಹಾಗಾಗಿ ಹಳೆಯ ದಾಖಲೆಗಳಲ್ಲಿ ‘ನಗರ ತಾಲ್ಲೂಕು’ ಎಂದರೆ ಇಂದಿನ ಹೊಸನಗರ ತಾಲ್ಲೂಕು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 8ನೇ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳದ್ದು. ಅದರಲ್ಲಿ ಹುಂಚದ ಶಾಸನಗಳು ‘ನಗರ’ ಎಂಬ ಹೆಸರಿನಡಿಯ ಸಂಖ್ಯೆ ಹೊತ್ತಿವೆ. ಇದನ್ನರಿಯದೆ ಅವನ್ನು ನಗರದ ಕೋಟೆಯ ಟಿಪ್ಪಣಿಗೆ ಕೊಂಡಿ ಹಾಕಿದರೆ ಹುಂಚವನ್ನು ಆಳಿದ ಸಾಂತರರ ಕಾಲ ಹೋಗಿ ಕೆಳದಿ ನಾಯಕರ ಊರಿನಲ್ಲಿ ಕೂರುತ್ತದೆ.

ಪರಿಹಾರ ಇದು. ಒಂದು ಸ್ಥಳಕ್ಕೆ ಒಂದೇ ಟಿಪ್ಪಣಿ ಇರಲಿ, ಉಳಿದ ಹೆಸರುಗಳು ‘ಅಲಿಯಾಸಸ್’ ಎಂಬ ಗುಣದಲ್ಲಿ ಸೇರಲಿ. ಟಿಪ್ಪಣಿಯ ತಲೆಯಲ್ಲಿ ‘ಆ್ಯಡ್ ಫೈಲ್ ಪ್ರಾಪರ್ಟಿ’ ಆದೇಶ ಕೊಟ್ಟು ‘ಅಲಿಯಾಸಸ್’ ಆಯ್ದರೆ ಬೇಕಾದಷ್ಟು ಹೆಸರು ತುಂಬಬಹುದು. ‘ಹುಂಚ’ದ ಟಿಪ್ಪಣಿಯಲ್ಲಿ ಹೊಂಬುಜ, ಹುಮಚ, ಪೊಂಬುರ್ಚ ಎಂದು ಬರೆಯಿರಿ. ‘ಕವಲೇದುರ್ಗ’ದಲ್ಲಿ ಕವಲೆದುರ್ಗ, ಭುವನಗಿರಿದುರ್ಗ ಎಂದು ಬರೆಯಿರಿ. ಆಮೇಲೆ ಯಾವ ಹೆಸರು ಟೈಪು ಮಾಡಿದರೂ ಸೂಚನೆಯ ಪಟ್ಟಿ ಅದೇ ಟಿಪ್ಪಣಿಯನ್ನು ತೋರಿಸುತ್ತದೆ. ‘ನಗರ’ ಎಂಬುದನ್ನು ಮಾತ್ರ ಒಂಟಿಯಾಗಿ ಬಿಡಬೇಡಿ. ‘ನಗರ (ಬಿದನೂರು)’, ‘ನಗರ ತಾಲ್ಲೂಕು (ಹಳೆಯದು)’ ಎಂದು ಎರಡು ಟಿಪ್ಪಣಿ ಮಾಡಿ, ಎರಡನೆಯದರಿಂದ ಹೊಸನಗರಕ್ಕೆ ಕೊಂಡಿ ಕೊಡಿ.

ಜಮೀನಿನ ದಾಖಲೆ ಇಡುವವರಿಗೆ ಒಂದು ಎಚ್ಚರಿಕೆ. ಟಿಪ್ಪಣಿಯ ಹೆಸರಿನಲ್ಲಿ ಓರೆಗೆರೆ ಬಳಸಲಾಗದು. ಸರ್ವೆ ನಂಬರ್ 45/2 ಎಂಬುದನ್ನು ‘ಸ.ನಂ. 45-2’ ಎಂದು ಹೆಸರಿಸಿ, ಓರೆಗೆರೆಯ ರೂಪವನ್ನು ಅಲಿಯಾಸಸ್‌ನಲ್ಲಿ ಇಟ್ಟುಕೊಳ್ಳಿ. ಜೊತೆಗೆ ಗ್ರಾಮದ ಹೆಸರು ಸೇರಿಸಲೇಬೇಕು, ಏಕೆಂದರೆ ಅದೇ ನಂಬರು ಪಕ್ಕದ ಗ್ರಾಮದಲ್ಲೂ ಇರುತ್ತದೆ.

ಇನ್ನೊಂದು ತೊಡಕು ಕಣ್ಣಿಗೇ ಕಾಣುವುದಿಲ್ಲ. ‘ಹೈದರ್‌ನಗರ’ದಂಥ ಪದದಲ್ಲಿ ಒತ್ತಕ್ಷರ ಬೀಳದಂತೆ ತಡೆಯಲು ನಾವು ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ‘ಜೋಗ್’ ಎಂಬ ಪದದ ಕೊನೆಯಲ್ಲಿ ಆ ಅಕ್ಷರ ಉಳಿದುಕೊಂಡರೆ ಅದು ಕಂಪ್ಯೂಟರಿಗೆ ಬೇರೆಯೇ ಪದ. ನೋಡಲು ಒಂದೇ ಹೆಸರಿನ ಎರಡು ಟಿಪ್ಪಣಿ ಹುಟ್ಟಿಕೊಂಡರೆ ಕಾರಣ ಬಹುಪಾಲು ಇದೇ. ಕೊಂಡಿ ಹಾಕುವಾಗ ಹೆಸರನ್ನು ಪೂರ್ತಿ ಟೈಪು ಮಾಡದೆ, ಎರಡಕ್ಷರ ಹೊಡೆದು ಪಟ್ಟಿಯಿಂದ ಆರಿಸಿಕೊಂಡರೆ ಈ ತಾಪತ್ರಯ ಬರುವುದಿಲ್ಲ.

ಕೊಂಡಿ ಹಾಕುವುದು, ಕನ್ನಡದ ಪ್ರತ್ಯಯದೊಡನೆ

ಎರಡು ಚೌಕ ಆವರಣ ತೆರೆದರೆ ಟಿಪ್ಪಣಿಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆಯ್ದರೆ ಕೊಂಡಿ ಸಿದ್ಧ: [[ಕೆಳದಿ]]. ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುವವರಿಗೆ ಚೌಕ ಆವರಣದ ಜಾಗದಲ್ಲಿ ಬೇರೆ ಅಕ್ಷರ ಕೂತಿರುತ್ತದೆ. ಪ್ರತಿ ಸಲ ಇಂಗ್ಲಿಷಿಗೆ ಹೋಗಿ ಬರುವ ಬದಲು, ಸೆಟ್ಟಿಂಗ್ಸ್‌ನ ‘ಹಾಟ್‌ಕೀಸ್’ ಭಾಗದಲ್ಲಿ ‘ಆ್ಯಡ್ ಇಂಟರ್ನಲ್ ಲಿಂಕ್’ ಆದೇಶಕ್ಕೆ ಒಂದು ಕೀಲಿ ಜೋಡಿಸಿಕೊಳ್ಳಿ. ಫೋನಿನಲ್ಲಿ ಕೀಲಿಮಣೆಯ ಮೇಲಿನ ಪಟ್ಟಿಯಲ್ಲೇ ಆವರಣದ ಗುಂಡಿ ಇದೆ.

ಇಂಗ್ಲಿಷಿನಲ್ಲಿ ಊರ ಹೆಸರು ವಾಕ್ಯದಲ್ಲಿ ಹಾಗೇ ನಿಲ್ಲುತ್ತದೆ. ನಮ್ಮಲ್ಲಿ ಹೆಸರಿಗೆ ವಿಭಕ್ತಿ ಅಂಟುತ್ತದೆ. ಇದಕ್ಕೆ ದಾರಿ ಎರಡು. ಹೆಸರು ಬದಲಾಗದೆ ಪ್ರತ್ಯಯ ಸೇರುವ ಕಡೆ, ಆವರಣ ಮುಚ್ಚಿದ ತಕ್ಷಣ ಜಾಗ ಬಿಡದೆ ಪ್ರತ್ಯಯ ಬರೆಯಿರಿ: [[ಕೆಳದಿ]]ಯಲ್ಲಿ, [[ಹೊಸನಗರ]]ದಿಂದ, [[ತೀರ್ಥಹಳ್ಳಿ]]ಗೆ. ಓದುವಾಗ ಅದು ಒಂದೇ ಪದವಾಗಿ ಕಾಣುತ್ತದೆ. ಹೆಸರಿನ ಕೊನೆಯ ಸ್ವರವೇ ಬದಲಾಗುವ ಕಡೆ ನೇರಗೆರೆ ಬಳಸಬೇಕು: [[ಕಾಗೋಡು|ಕಾಗೋಡಿನಲ್ಲಿ]], [[ನಗರ (ಬಿದನೂರು)|ಬಿದನೂರಿನ]]. ಗೆರೆಯ ಎಡಕ್ಕೆ ಟಿಪ್ಪಣಿಯ ನಿಜ ಹೆಸರು, ಬಲಕ್ಕೆ ವಾಕ್ಯಕ್ಕೆ ಬೇಕಾದ ರೂಪ. ಉಕಾರದಲ್ಲಿ ಮುಗಿಯುವ ಊರುಗಳಿಗೆಲ್ಲ ಈ ಎರಡನೆಯ ದಾರಿ ಎಂದು ನೆನಪಿಟ್ಟರೆ ಸಾಕು.

ಕೊಂಡಿಯನ್ನು ವಾಕ್ಯದ ಒಳಗೇ ಇಡಿ ಎಂದು ಒತ್ತಿ ಹೇಳುತ್ತೇನೆ. ಕಾಗೋಡು ಸತ್ಯಾಗ್ರಹದ ಟಿಪ್ಪಣಿಯ ಕೆಳಗೆ ‘ಲೋಹಿಯಾ, ಗಣಪತಿಯಪ್ಪ, ಗೇಣಿ’ ಎಂದು ಬರೀ ಹೆಸರುಗಳಿಗೆ ಕೊಂಡಿ ಹಾಕಿ ಬಿಟ್ಟರೆ, ವರ್ಷ ಕಳೆದ ಮೇಲೆ ಯಾವುದಕ್ಕೆ ಏನು ಸಂಬಂಧ ಎಂಬುದು ಬರೆದವರಿಗೇ ಹೊಳೆಯುವುದಿಲ್ಲ. ‘[[ರಾಮಮನೋಹರ ಲೋಹಿಯಾ]] 1951ರಲ್ಲಿ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು’ ಎಂದು ಬರೆದರೆ ಕೊಂಡಿಯ ಜೊತೆ ಅದರ ಕಾರಣವೂ ಉಳಿಯುತ್ತದೆ. ಅದೇ ರೀತಿ ‘ಗೇಣಿದಾರರ ಈ ಹೋರಾಟದ ಎಳೆ 1974ರಲ್ಲಿ ಜಾರಿಗೆ ಬಂದ [[ಭೂಸುಧಾರಣೆ]]ಯ ತಿದ್ದುಪಡಿಯವರೆಗೆ ಬರುತ್ತದೆ’ ಎಂಬ ಒಂದು ಸಾಲು, ಹತ್ತು ಒಂಟಿ ಹೆಸರುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೂ ಬರೆಯದ ಟಿಪ್ಪಣಿಗೂ ಕೊಂಡಿ ಹಾಕಬಹುದು. ಅದು ಮಸುಕು ಬಣ್ಣದಲ್ಲಿ ಕಾಣುತ್ತದೆ, ಒತ್ತಿದರೆ ಹೊಸ ಟಿಪ್ಪಣಿ ತೆರೆಯುತ್ತದೆ. ಹಿರಿಯರೊಬ್ಬರು ಮಾತಿನ ನಡುವೆ ಮುಳುಗಿದ ಊರೊಂದರ ಹೆಸರು ಹೇಳಿದರೆ ಆವರಣ ಹಾಕಿಟ್ಟು ಮುಂದೆ ಹೋಗಿ. ಉದ್ದನೆಯ ಸಂದರ್ಶನಗಳಿಗೆ ನಡುನಡುವೆ ಶೀರ್ಷಿಕೆ ಕೊಡಿ. ಆವರಣದೊಳಗೆ ಟಿಪ್ಪಣಿಯ ಹೆಸರಿನ ಕೊನೆಗೆ # ಹಾಕಿದರೆ ಅದರೊಳಗಿನ ಶೀರ್ಷಿಕೆಗೇ ನೇರ ಕೊಂಡಿ ಸಿಗುತ್ತದೆ. ಶೀರ್ಷಿಕೆ ತಿದ್ದಬೇಕೆನಿಸಿದರೆ ಅದರ ಮೇಲೆ ಬಲಗುಂಡಿ ಒತ್ತಿ ‘ರೀನೇಮ್ ದಿಸ್ ಹೆಡಿಂಗ್’ ಆಯ್ಕೆ ಬಳಸಿ. ಕೈಯಲ್ಲಿ ಅಳಿಸಿ ಬರೆದರೆ ಕೊಂಡಿ ಮುರಿಯುತ್ತದೆ.

ಜೊತೆಗೇ ಬರುವ ಸಲಕರಣೆಗಳು

ಹೊರಗಿನ ಪ್ಲಗಿನ್ ಹುಡುಕುವ ಮೊದಲು ‘ಕೋರ್ ಪ್ಲಗಿನ್ಸ್’ ಪಟ್ಟಿ ನೋಡಿ. ‘ಬ್ಯಾಕ್‌ಲಿಂಕ್ಸ್’ ತೆರೆದರೆ, ಈಗ ಓದುತ್ತಿರುವ ಟಿಪ್ಪಣಿಗೆ ಯಾವ ಯಾವ ಟಿಪ್ಪಣಿಗಳು ಕೊಂಡಿ ಹಾಕಿವೆ ಎಂಬುದು ವಾಕ್ಯಸಹಿತ ಬಲಬದಿಯಲ್ಲಿ ಬರುತ್ತದೆ. ಕೆಳದಿಯ ರಾಣಿ ಚೆನ್ನಮ್ಮನ ಟಿಪ್ಪಣಿ ತೆರೆದಾಗ ಕವಲೇದುರ್ಗದ ಟಿಪ್ಪಣಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಪ್ರಸಂಗ, ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ನೋಡಿದ್ದರ ಬಗ್ಗೆ ಬರೆದದ್ದು ಎಲ್ಲವೂ ಒಟ್ಟಿಗೆ ಕಾಣುತ್ತವೆ.

ಅದರ ಕೆಳಗೆ ‘ಅನ್‌ಲಿಂಕ್ಡ್ ಮೆನ್ಶನ್ಸ್’ ಎಂಬ ಭಾಗವಿದೆ. ಹೆಸರು ಬಂದಿದ್ದೂ ಕೊಂಡಿ ಬೀಳದ ಜಾಗಗಳನ್ನು, ಅಲಿಯಾಸಸ್‌ನ ಹೆಸರುಗಳನ್ನೂ ಸೇರಿಸಿ, ಅದು ತೋರಿಸುತ್ತದೆ. ಪಕ್ಕದ ‘ಲಿಂಕ್’ ಗುಂಡಿ ಒತ್ತಿದರೆ ಅಲ್ಲೇ ಕೊಂಡಿ ಬೀಳುತ್ತದೆ. ಪ್ರತ್ಯಯ ಅಂಟಿದ ರೂಪಗಳಿಗೆ ಮಾತ್ರ ಇದನ್ನು ನೆಚ್ಚಿ ಕೂರಬೇಡಿ. ಅವಕ್ಕೆ ಸಾಮಾನ್ಯ ಹುಡುಕಾಟವೇ ಮೇಲು. ‘ಕೆಳದಿ’ ಎಂದು ಹುಡುಕಿದರೆ ಕೆಳದಿಯ, ಕೆಳದಿಗೆ ಎಲ್ಲ ಬರುತ್ತವೆ. ‘ಕಾಗೋಡು’ ಎಂದು ಹುಡುಕಿದರೆ ಮಾತ್ರ ಕಾಗೋಡಿನಲ್ಲಿ, ಕಾಗೋಡಿಗೆ ಎಂಬವು ಬರುವುದಿಲ್ಲ. ಆದ್ದರಿಂದ ‘ಕಾಗೋಡು’, ‘ಕಾಗೋಡಿ’ ಎಂದು ಎರಡು ಸಲ ಹುಡುಕಿ.

2025ರಲ್ಲಿ ಸೇರಿದ ‘ಬೇಸಸ್’ ನನಗೆ ಬಹಳ ಉಪಯುಕ್ತವೆನಿಸಿದೆ. ಟಿಪ್ಪಣಿಗಳನ್ನು ಅದು ಕೋಷ್ಟಕವಾಗಿ ತೋರಿಸುತ್ತದೆ. ಸೋಸುವ ಷರತ್ತಿನಲ್ಲಿ ‘ಫೈಲ್’, ‘ಲಿಂಕ್ಸ್ ಟು’ ಆಯ್ದು ‘ಮುಳುಗಡೆ’ ಟಿಪ್ಪಣಿಯ ಹೆಸರು ಕೊಟ್ಟರೆ ಅದಕ್ಕೆ ಕೊಂಡಿ ಹಾಕಿದ ಎಲ್ಲ ಊರು, ಮನೆತನ, ದಾಖಲೆಗಳ ಪಟ್ಟಿ ಸಿದ್ಧ. ಪ್ರತಿ ಟಿಪ್ಪಣಿಗೂ ‘ತಾಲ್ಲೂಕು’, ‘ಹೋಬಳಿ’, ‘ವರ್ಷ’ ಎಂಬ ಗುಣಗಳನ್ನು ತುಂಬಿದ್ದರೆ ಅವು ಕಾಲಂಗಳಾಗುತ್ತವೆ. ಇದೇ ಕೆಲಸಕ್ಕೆ ಹಿಂದಿನಿಂದ ಬಳಕೆಯಲ್ಲಿರುವ ‘ಡೇಟಾವ್ಯೂ’ ಪ್ಲಗಿನ್ ಇನ್ನೂ ಶಕ್ತವಾದದ್ದು, ಆದರೆ ಪ್ರಶ್ನೆಗಳನ್ನು ಇಂಗ್ಲಿಷ್ ಸಂಕೇತಗಳಲ್ಲಿ ಬರೆಯಬೇಕು. ಹೊಸಬರು ಬೇಸಸ್‌ನಿಂದಲೇ ಶುರು ಮಾಡಲಿ.

‘ಗ್ರಾಫ್ ವ್ಯೂ’ ಎಲ್ಲರ ಕಣ್ಣು ಸೆಳೆಯುತ್ತದೆ. ಇಡೀ ಸಂಗ್ರಹದ ಗ್ರಾಫು ಬೆಳೆದಂತೆ ಜೇಡರಬಲೆಯಾಗಿ ಏನೂ ತಿಳಿಯದಂತಾಗುತ್ತದೆ. ಒಂದೇ ಟಿಪ್ಪಣಿಯ ಸುತ್ತಲಿನದನ್ನು ತೋರಿಸುವ ‘ಲೋಕಲ್ ಗ್ರಾಫ್’ ಬಳಸಿ, ಆಳವನ್ನು 2ಕ್ಕೆ ಇಡಿ.

ಹೊರಗಿನ ಪ್ಲಗಿನ್‌ಗಳು: ಯಾವುದು ಬೇಕು

ಸೆಟ್ಟಿಂಗ್ಸ್‌ನ ‘ಕಮ್ಯುನಿಟಿ ಪ್ಲಗಿನ್ಸ್’ನಲ್ಲಿ ‘ರಿಸ್ಟ್ರಿಕ್ಟೆಡ್ ಮೋಡ್’ ತೆಗೆದ ಮೇಲೆ ‘ಬ್ರೌಸ್’ ಒತ್ತಿ, ಹೆಸರು ಹುಡುಕಿ, ‘ಇನ್‌ಸ್ಟಾಲ್’, ಬಳಿಕ ‘ಎನೇಬಲ್’ ಕೊಡಬೇಕು. ಆ ನಿರ್ಬಂಧ ಇಟ್ಟಿರುವುದಕ್ಕೆ ಕಾರಣವಿದೆ. ಪ್ಲಗಿನ್‌ಗಳು ನಿಮ್ಮ ಕಡತಗಳನ್ನು ಓದಬಲ್ಲವು, ಬದಲಿಸಬಲ್ಲವು, ಇಂಟರ್‌ನೆಟ್ಟಿಗೂ ಹೋಗಬಲ್ಲವು. ಹಾಕುವ ಮುನ್ನ ವಾಲ್ಟಿನ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಕೊನೆಯ ಸಲ ಯಾವಾಗ ಪರಿಷ್ಕರಿಸಿದ್ದಾರೆ ನೋಡಿ. ಒಂದೊಂದಾಗಿ ಹಾಕಿ, ಒಂದು ವಾರ ಬಳಸಿದ ಮೇಲೆ ಮುಂದಿನದು.

ನಾನು ಮೊದಲು ಹಾಕಿಸುವುದು ‘ಫೈಂಡ್ ಆರ್ಫನ್ಡ್ ಫೈಲ್ಸ್ ಅಂಡ್ ಬ್ರೋಕನ್ ಲಿಂಕ್ಸ್’. ಆದೇಶ ಕೊಟ್ಟರೆ, ಯಾರೂ ಕೊಂಡಿ ಹಾಕದ ಅನಾಥ ಟಿಪ್ಪಣಿಗಳ ಪಟ್ಟಿಯನ್ನೂ, ಗುರಿಯಿಲ್ಲದ ಕೊಂಡಿಗಳ ಪಟ್ಟಿಯನ್ನೂ ಅದು ಬರೆದುಕೊಡುತ್ತದೆ. ಮೊದಲ ಪಟ್ಟಿಯನ್ನು ಓದುತ್ತಾ ಪ್ರತಿಯೊಂದಕ್ಕೂ ‘ಇದನ್ನು ಯಾವುದು ಕರೆಯಬೇಕಿತ್ತು?’ ಎಂದು ಕೇಳಿಕೊಳ್ಳಿ. ಮೆಗಾನೆಯ ಕಾಡಿನ ಟಿಪ್ಪಣಿಗೋ, ಗುಡಿಗಾರರ ಗಂಧದ ಕೆತ್ತನೆಯ ಟಿಪ್ಪಣಿಗೋ ಎಲ್ಲಿಂದಲೂ ಕೊಂಡಿ ಇಲ್ಲದ್ದು ಆಗ ತಿಳಿಯುತ್ತದೆ. ಎರಡನೆಯ ಪಟ್ಟಿಯಲ್ಲಿ ಎರಡು ಬಗೆ ಬೆರೆತಿರುತ್ತವೆ: ಕಾಗುಣಿತ ತಪ್ಪಿದವು, ಇನ್ನೂ ಬರೆಯಬೇಕಾದವು. ಮೊದಲನೆಯವನ್ನು ತಿದ್ದಿ. ಎರಡನೆಯವು ನಿಮ್ಮ ಮುಂದಿನ ಭೇಟಿಗಳಲ್ಲಿ ಕೇಳಬೇಕಾದ ಪ್ರಶ್ನೆಗಳು.

ಫೋಟೊ, ಸ್ಕ್ಯಾನ್ ಮಾಡಿದ ಪತ್ರಗಳು ಹೆಚ್ಚಿರುವವರಿಗೆ ‘ಕನ್ಸಿಸ್ಟೆಂಟ್ ಅಟ್ಯಾಚ್‌ಮೆಂಟ್ಸ್ ಅಂಡ್ ಲಿಂಕ್ಸ್’ ಬೇಕು. ಟಿಪ್ಪಣಿಯನ್ನು ಬೇರೆ ಫೋಲ್ಡರಿಗೆ ಸಾಗಿಸಿದಾಗ ಅದರ ಚಿತ್ರಗಳನ್ನೂ ಜೊತೆಗೆ ಸಾಗಿಸಿ ಕೊಂಡಿ ಸರಿಪಡಿಸುತ್ತದೆ.

‘ಬ್ರೆಡ್‌ಕ್ರಂಬ್ಸ್’ ಸ್ವಲ್ಪ ಕಲಿಯಬೇಕಾದ ಪ್ಲಗಿನ್, ಆದರೆ ಚರಿತ್ರೆ ಬರೆಯುವವರಿಗೆ ಅದರ ಲಾಭ ದೊಡ್ಡದು. ಮಾಮೂಲಿ ಕೊಂಡಿ ‘ಸಂಬಂಧ ಇದೆ’ ಎಂದಷ್ಟೇ ಹೇಳುತ್ತದೆ. ಬ್ರೆಡ್‌ಕ್ರಂಬ್ಸ್‌ನಲ್ಲಿ ಯಾವ ಸಂಬಂಧ ಎಂಬುದನ್ನೂ ಹೇಳಬಹುದು. ಮೇಲಿನದು, ಕೆಳಗಿನದು, ಹಿಂದಿನದು, ಮುಂದಿನದು ಎಂಬ ಬಗೆಗಳು ಇರುತ್ತವೆ, ಬೇಕಾದ್ದನ್ನು ಸೇರಿಸಿಕೊಳ್ಳಬಹುದು. ತುಮರಿಯ ‘ಮೇಲಿನದು’ ಕರೂರು ಹೋಬಳಿ, ಅದರ ಮೇಲಿನದು ಸಾಗರ ತಾಲ್ಲೂಕು. ಸೋಮಶೇಖರ ನಾಯಕನ ‘ಮುಂದಿನದು’ ಚೆನ್ನಮ್ಮ, ಅವಳ ಮುಂದಿನದು ದತ್ತುಮಗ ಬಸವಪ್ಪ ನಾಯಕ. ಒಂದು ಕಡೆ ಬರೆದರೆ ತಿರುಗು ಸಂಬಂಧವನ್ನು ಅದೇ ಊಹಿಸಿಕೊಂಡು ತೋರಿಸುತ್ತದೆ. ವಂಶಾವಳಿ ಬರೆಯುವವರು ಇದನ್ನು ಬಿಡಬಾರದು.

‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಪ್ರತಿ ಕೊಂಡಿಯ ಪಕ್ಕ, ಅದೇ ಗುರಿಗೆ ಸಂಗ್ರಹದಲ್ಲಿ ಒಟ್ಟು ಎಷ್ಟು ಉಲ್ಲೇಖವಿದೆ ಎಂಬ ಸಂಖ್ಯೆ ತೋರಿಸುತ್ತದೆ. ‘ಮ್ಯಾಪ್ ವ್ಯೂ’ ಅಕ್ಷಾಂಶ–ರೇಖಾಂಶ ಕೊಟ್ಟ ಟಿಪ್ಪಣಿಗಳನ್ನು ನಕ್ಷೆಯ ಮೇಲೆ ಇಡುತ್ತದೆ. ಚಕ್ರಾ, ಸಾವೆಹಕ್ಲು, ಮಾಣಿ ಜಲಾಶಯಗಳನ್ನು ಅದರಲ್ಲಿ ಗುರುತಿಸಿದರೆ ಹೊಸನಗರ ತಾಲ್ಲೂಕಿನ ಮೇಲೆ ಎಷ್ಟು ನೀರು ನಿಂತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

‘ಸ್ಮಾರ್ಟ್ ಕನೆಕ್ಷನ್ಸ್’ ಕೃತಕ ಬುದ್ಧಿಮತ್ತೆಯಿಂದ, ಅರ್ಥದಲ್ಲಿ ಹತ್ತಿರವಿರುವ ಟಿಪ್ಪಣಿಗಳನ್ನು ಸೂಚಿಸುತ್ತದೆ. ಇಂಗ್ಲಿಷಿಗೆಂದು ರೂಪಿಸಿದ ಚಿಕ್ಕ ಮಾದರಿಗಳು ಕನ್ನಡದ ವಾಕ್ಯಗಳ ಹೋಲಿಕೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಹಲವು ಭಾಷೆ ಬಲ್ಲ ಮಾದರಿಯನ್ನೇ ಆಯ್ದುಕೊಳ್ಳಬೇಕು. ಆಯ್ದುಕೊಂಡ ಮಾದರಿ ನಿಮ್ಮ ಯಂತ್ರದಲ್ಲೇ ಓಡುತ್ತದೋ, ಟಿಪ್ಪಣಿಗಳನ್ನು ಹೊರಗಿನ ಸರ್ವರಿಗೆ ಕಳಿಸುತ್ತದೋ ಎಂಬುದನ್ನು ಖಚಿತ ಮಾಡಿಕೊಳ್ಳಿ. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು ನಿಮ್ಮನ್ನು ನಂಬಿ ಹೇಳಿದ ಹೆಸರು, ಜಮೀನಿನ ತಕರಾರು, ಕುಟುಂಬದ ಸಂಗತಿ ಅವರ ಒಪ್ಪಿಗೆಯಿಲ್ಲದೆ ಎಲ್ಲಿಗೂ ಹೋಗಕೂಡದು. ಸಂದರ್ಶನಗಳಿರುವ ವಾಲ್ಟಿಗೆ ಈ ಪ್ಲಗಿನ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಪಾಡುವುದು

ಕಂಪ್ಯೂಟರು ಮತ್ತು ಫೋನು ಎರಡರಲ್ಲೂ ಬರೆಯುವವರು ಹೊಂದಾಣಿಕೆಗೆ ಒಂದೇ ವ್ಯವಸ್ಥೆ ಬಳಸಿ. ಅಬ್ಸಿಡಿಯನ್‌ನ ಸ್ವಂತ ಸಿಂಕ್ ಸೇವೆಗೆ ಹಣ ಕೊಡಬೇಕು, ಸಿಂಕ್‌ಥಿಂಗ್ ಉಚಿತ. ಒಂದೇ ವಾಲ್ಟಿಗೆ ಎರಡನ್ನೂ ಹಾಕಿದರೆ ಒಂದೇ ಟಿಪ್ಪಣಿಯ ಪ್ರತಿಗಳು ಹುಟ್ಟಿ ಕೊಂಡಿಗಳು ದಿಕ್ಕು ತಪ್ಪುತ್ತವೆ.

ಕೊನೆಯದಾಗಿ ಒಂದು ಪರೀಕ್ಷೆ. ಎಲ್ಲ ಪ್ಲಗಿನ್‌ಗಳನ್ನೂ ನಿಲ್ಲಿಸಿ, ಒಂದು ಟಿಪ್ಪಣಿಯನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಯಾರು, ಎಲ್ಲಿ, ಯಾವ ವರ್ಷ, ಯಾರು ಹೇಳಿದ್ದು ಎಂಬುದು ಆವರಣಗಳ ನಡುವೆಯೂ ಓದಲು ಬಂದರೆ, ಆ ಫೋಲ್ಡರಿನ ಒಂದು ಪ್ರತಿಯನ್ನು ಸಂದರ್ಶನಗಳನ್ನು ಬಿಟ್ಟು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಬಹುದು. ಅಬ್ಸಿಡಿಯನ್ ಹಾಕಿಕೊಂಡ ಯಾರೇ ಆಗಲಿ ‘ಓಪನ್ ಫೋಲ್ಡರ್ ಆ್ಯಸ್ ವಾಲ್ಟ್’ ಒತ್ತಿ ನೀವು ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು.